ಕಿನ್ನಿಗೋಳಿಯ ದೀರ್ಘ

ಪುರಭವನದಲ್ಲಿ ನಿನ್ನೆ ನನಗೂ ಒಂದು ಶಾಲು ಸಿಕ್ಕಿತು.
ಹೊದಿಸಿದವನಿಗೆ ಹೋದ ವರ್ಷ ನಾನು ಹೊದಿಸಿದ್ದೆ,
ಅದರ ಹಿಂದಿನ ವರ್ಷ ಅವನ ಭಾವನಿಗೆ.
ಎಪ್ರಿಲಿನ ಮಂಗಳೂರಿನಲ್ಲಿ ಉಣ್ಣೆಯ ಶಾಲು!
ಬೆವರು ಒರೆಸಲಿಕ್ಕೂ ಬಾರದು.

"ಕಲಾವಿದರು ಒಬ್ಬರಿಗೊಬ್ಬರು ಆಸರೆಯಾಗಬೇಕೋ ಬೇಡವೋ,
ಹಿರಿಯರು ಎರಡು ಮಾತು ಹೇಳಬೇಕು" ಅಂದರು.
ಬಸ್ಸಿನ ಬೋರ್ಡು ಬರೆದು ಹೊಟ್ಟೆ ಹೊರೆದವ ನಾನು,
ಮೈಕಿನೆದುರು "ಬೇಕು, ಬೇಕು" ಅಂದು ಇಳಿದೆ.
ಹೇಳದೆ ಉಳಿದದ್ದು ಇದು.

ಪಡೀಲಿನ ಗ್ಯಾರೇಜಿನಲ್ಲಿ ನಾವಿಬ್ಬರು.
ನಾನು ಬಾಗಿಲ ಬದಿ, ಸಿಪ್ರಿಯನ್ ಮಿನೇಜಸ್ ಗೋಡೆ ಬದಿ.
ಇಪ್ಪತ್ತೆರಡು ವರ್ಷ ಒಂದೇ ಟರ್ಪೆಂಟೈನಿನ ವಾಸನೆ ಕುಡಿದೆವು,
ಬ್ರಷ್ಷು ಮಾತ್ರ ಯಾರೂ ಯಾರಿಗೂ ಕೊಟ್ಟದ್ದಿಲ್ಲ.
ಅವನ ಅಕ್ಷರ ದುಂಡಗೆ,
ಹಬೆಯಿಂದ ಈಗಷ್ಟೇ ಇಳಿಸಿದ ಪುಂಡಿಯ ಹಾಗೆ.
ನನ್ನದು ಸಪೂರ, ಓಡುವ ಅಕ್ಷರ;
ಳ ಬರೆದರೆ ಕೊನೆಗೊಂದು ಕೊಂಕು ಬಾಲ,
ಬುಟ್ಟಿಯಿಂದ ಹೊರಗೆ ಚಾಚಿದ ಬಂಗುಡೆಯದ್ದರ ಹಾಗೆ.
"ಎಲ್ಲಿಗೆ ಮಾರಾಯ, ನಿನ್ನ ಳ ಈಜಿಕೊಂಡು ಹೊರಟದ್ದು?"
ಅವನು ನಗಾಡದ ದಿನವಿಲ್ಲ.
ಲಾಯ್ಕಾಗಿದೆ ಅಂತ ಒಮ್ಮೆಯಾದರೂ? ಇಲ್ಲ.
ನಾನೂ ಅಂದವನಲ್ಲ.

ಒಂದು ಮಧ್ಯಾಹ್ನ ಅವನು ಕೆಂಪು ಬಸ್ಸಿನ ಹಣೆಗೆ
ಹಳದಿಯಲ್ಲಿ ಬರೆದ:
ಕಿನ್ನಿಗೊಳಿ.
ದೀರ್ಘ ಬಿಟ್ಟುಹೋಗಿತ್ತು.
ಬಣ್ಣ ಇನ್ನೂ ಹಸಿ. ಒಂದು ಮಾತು ಸಾಕಿತ್ತು,
ಒಂದು ಕೆಮ್ಮು ಸಾಕಿತ್ತು.
ನಾನು ಬುತ್ತಿ ಬಿಚ್ಚಿ ಗಂಜಿಗೆ ಉಪ್ಪಿನಕಾಯಿ ಕಲಸಿದೆ.
ಅಷ್ಟು ರುಚಿಯ ಗಂಜಿ ಮತ್ತೆ ಉಂಡಿಲ್ಲ.

ಹನ್ನೊಂದು ತಿಂಗಳು ಓಡಿತು ಆ ಬಸ್ಸು.
ಜ್ಯೋತಿಯಲ್ಲಿ, ನಂತೂರಿನಲ್ಲಿ ಎದುರಾದಾಗಲೆಲ್ಲ
ಬಡ್ಡಿ ಎಣಿಸುವವನ ಹಾಗೆ ಒಳಗೊಳಗೇ ಎಣಿಸಿದೆ.
ಚಾದಂಗಡಿಯಲ್ಲಿ ನಾಲ್ಕು ಜನರಿಗೆ ತೋರಿಸಿಯೂ ಕೊಟ್ಟೆ.
ಅವರಿಗೆ ಕಂಡೇ ಇರಲಿಲ್ಲ.
ಹೌದಾ, ಅಂದು ಚಾ ಕುಡಿದರು.

ಆಮೇಲೆ ನಾನು ಏಣಿಯಿಂದ ಬಿದ್ದೆ.
ಬಲಗೈ ಮಣಿಗಂಟು, ಎರಡು ಕಡೆ.
ಉಳ್ಳಾಲದ ಬಸ್ಸು ಅರ್ಧ ಬರೆದು ನಿಂತಿತ್ತು,
ಶುಕ್ರವಾರ ಪೂಜೆ, ಶನಿವಾರ ರಸ್ತೆಗೆ.
ವೆನ್ಲಾಕಿನ ಮಂಚದಲ್ಲಿ ಮಲಗಿ ಲೆಕ್ಕ ಹಾಕಿದೆ:
ಕೆಲಸ ಅವನಿಗೆ ಹೋಯಿತು, ಹೆಸರೂ ಹೋಯಿತು.

ಭಾನುವಾರ ಧಣಿಯ ಹುಡುಗ ತಂದದ್ದು ನನ್ನ ಪೂರ್ತಿ ಮಜೂರಿ.
"ನೀವೇ ಬರೆದು ಮುಗಿಸಿದ್ದಲ್ವಾ?"
ಕೈಯನ್ನು ಜೋಳಿಗೆಗೆ ಕಟ್ಟಿಕೊಂಡು
ಸ್ಟೇಟ್ ಬ್ಯಾಂಕಿನ ಸ್ಟ್ಯಾಂಡಿಗೆ ಹೋಗಿ ನೋಡಿದೆ.

ಉಳ್ಳಾಲ.
ನನ್ನದೇ ಸಪೂರ ಗೆರೆ, ನನ್ನದೇ ಓಟ.
ಳದ ಕೊನೆಗೆ, ಒತ್ತಿನ ಕೊನೆಗೂ,
ಅದೇ ಕೊಂಕು ಬಾಲ.
ನಾನೆಲ್ಲಿ ಬಿಟ್ಟೆ, ಅವನೆಲ್ಲಿ ಹಿಡಿದ,
ಬರೆದ ನನಗೇ ತಿಳಿಯಲಿಲ್ಲ.

ಬಸ್ಸು ಹತ್ತುವವರಿಗೆ ಊರು ಬೇಕು, ಅಕ್ಷರ ಯಾಕೆ?
ಮನೆಯವರು ತಲೆಯೆತ್ತಿ ನೋಡಿದವರಲ್ಲ.
ನನ್ನ ಳವನ್ನು ಬಾಲದ ತುದಿವರೆಗೆ
ಇಪ್ಪತ್ತೆರಡು ವರ್ಷ ಓದಿದವ
ಗೋಡೆ ಬದಿಯವ.

ಹೊಗಳಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆ ರಾತ್ರಿ ಕೆಂಪು ಬಸ್ಸಿನ ಕೊನೆಯ ಟ್ರಿಪ್ಪು ಹತ್ತಿದೆ.
ಕಿನ್ನಿಗೋಳಿಯಲ್ಲಿ ಡ್ರೈವರು ಸೀಟಿನಲ್ಲೇ ಮಲಗಿದ.
ಹಳದಿಯ ಡಬ್ಬಿ ಜೋಳಿಗೆಯೊಳಗೆ, ಪ್ಲಾಸ್ಟರಿನ ಪಕ್ಕ;
ಬ್ರಷ್ಷು ಎಡಗೈಯಲ್ಲಿ; ಬಂಪರಿನ ಮೇಲೆ ನಿಂತೆ.
ಗೊ ಮತ್ತು ಳಿಯ ನಡುವೆ ಜಾಗವೆಲ್ಲಿದೆ?
ತುರುಕಿದೆ.
ದೀರ್ಘ ಅಂದರೆ ದೀರ್ಘ,
ಎರೆಹುಳ ಅಂದರೆ ಅದೂ ಸರಿ.

ಮತ್ತೆ ಗ್ಯಾರೇಜಿಗೆ ಹೋದ ದಿನ
ಸಿಪ್ರಿಯನ್ ತಲೆಯೆತ್ತದೆ ಕೇಳಿದ:
"ಆ ದೀರ್ಘ ಯಾವ ಮಂಗ ಬರೆದದ್ದು?"
"ಆ ಬಾಲ ಬರೆದ ಮಂಗನ ಜೊತೆಯವ."
ಅಷ್ಟೇ ಮಾತು.
ಬಸ್ಸು ಗುಜರಿಗೆ ಹೋಗುವವರೆಗೂ
ಅವನದನ್ನು ಒರೆಸಿ ತಿದ್ದಲಿಲ್ಲ.

ಅವನು ಹೋಗಿ ಮೂರು ವರ್ಷ.
ನಿನ್ನೆ ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ
ತ್ಯಾಂಪಣ್ಣನಾದ ನಾನು
ಒಂದು ಒತ್ತು ಕಳಕೊಂಡು ತ್ಯಾಂಪಣನಾಗಿದ್ದೆ.
ಸಭೆ ಚಪ್ಪಾಳೆ ತಟ್ಟಿತು, ಶಾಲು ಬಂತು, ಫೋಟೊ ಆಯಿತು.
ನಗಾಡಲು ಒಬ್ಬನಿರಲಿಲ್ಲ.