ಅದು ಬಂದ ಮೇಲೆ ನಾನು

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಹಿಂಬದಿ,
ಬಾಗವಾನರ ಬಾಳೆಕಾಯಿ ಗೋದಾಮು.
ನಾಲ್ಕನೇ ಕೋಣೆಯ ಬಾಗಿಲು ತೆಗೆದರೆ
ಸಿಹಿಯಲ್ಲ, ಸಿಹಿಯ ಆಚೆಗಿನ ಒಂದು ವಾಸನೆ.
ಇನ್ನೂರು ಕ್ರೇಟು, ಸೆಕೆಯಲ್ಲಿ ಬೆಂದು
ಹಸಿರಿನಿಂದ ನೇರ ಕಪ್ಪಿಗೆ.
ನಡುವಿನ ಹಳದಿಯನ್ನು ಯಾರೂ ನೋಡಲಿಲ್ಲ.

“ರಾತ್ರಿ ಕರೆಂಟ್ ಹೋಗಿ ಬಂತ್ರಿ ಮೇಡಂ,” ಅಂದ ಗುರಪಾದ,
“ಮಷಿನ್ ಎದ್ದದ. ಫ್ಯಾನ್ ಎದ್ದಿಲ್ಲ.”
ಅಕ್ಕಲಕೋಟೆಯ ಕನ್ನಡ, ಕಿವಿ ಮುಚ್ಚಿದ ಮಂಕಿ ಟೋಪಿ.
ಫ್ಯಾನು ತಿರುಗಿಸುವ ಪ್ರೋಗ್ರಾಮು ಬರೆದವಳು ನಾನು.
ಹಾಗಾದರೆ ಈ ಕಪ್ಪು ಕೂಡ
ನನ್ನ ಅಕ್ಷರವೇ.

ಮುರುಕು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ಕೈಯಾರೆ ಕರೆದೆ. ಬಂತು.
ಒಂದೇ ಕೂಗಿಗೆ ಬಂದು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ
ಮೂವತ್ತೊಂದು ಡಿಗ್ರಿ, ಮೂವತ್ತೊಂದು ಡಿಗ್ರಿ ಅನ್ನತೊಡಗಿತು.
ನಿಲ್ಲಿಸಿದೆ. ಪ್ಲಗ್ಗು ಕಿತ್ತು ಮತ್ತೆ ಚುಚ್ಚಿದೆ.
ಹಸಿರು ದೀಪ ಮಿಣುಕಿತು, ಲಿನಕ್ಸು ಎದ್ದು ಕೂತಿತು,
ಫ್ಯಾನಿನ ರೆಕ್ಕೆ ಮೇಲಿನ ಧೂಳು
ಇದ್ದಲ್ಲೇ ಇತ್ತು.

ಕರೆದರೆ ಬರುವುದು
ತಾನಾಗಿ ಯಾಕೆ ಏಳದು?

ಏಳುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೆನೆ? ಬರೆಸಿದ್ದೆ.
ನಾನು ಕರೆವಾಗ ನನ್ನ ದಾರಿ, ನನ್ನ ವಿಳಾಸ
ಅದರ ಜೇಬಿನಲ್ಲಿರುತ್ತವೆ;
ಬೂಟಿನ ನಸುಕಿನಲ್ಲಿ ಅದಕ್ಕೆ ಮನೆಯಿಲ್ಲ, ಮಠವಿಲ್ಲ.
ಅದಕ್ಕೇ ಇರಬೇಕೆಂದು ಒಂದೊಂದು ದಾರಿಯನ್ನೂ
ಬೇರಿನಿಂದ ಹಿಡಿದು ಬರೆದೆ.
ಏಳಲಿಲ್ಲ.
ನಾಚಿಕೆ ಬಿಟ್ಟು
‘ಮೂವತ್ತು ಸೆಕೆಂಡು ಮಲಗು, ಆಮೇಲೆ ಏಳು’ ಎಂದು ಸೇರಿಸಿದೆ.
ಎದ್ದಿತು!
ಗುರಪಾದ ಕೈಮುಗಿದ.
ಆದರೆ ಅದು ಉತ್ತರವಲ್ಲ, ಲಂಚ. ಇಂದು ಮೂವತ್ತು,
ನಾಳೆ ನಲವತ್ತು ಕೇಳೀತು.
ಅಳಿಸಿದೆ.

ಕೊನೆಗೆ, ಎಲ್ಲಕ್ಕೂ ಮೊದಲು ಮಾಡಬೇಕಾದ್ದನ್ನು ಮಾಡಿದೆ:
ಅದು ಬರೆದಿಟ್ಟ ದಿನಚರಿ ಓದಿದೆ.

ನಾಲ್ಕನೇ ಸೆಕೆಂಡು: ಪ್ರೋಗ್ರಾಮು ಶುರು.
ನಾಲ್ಕನೇ ಸೆಕೆಂಡೇ: ತಾಪ ಅಳೆಯುವ ಸೆನ್ಸರ್ ಎಲ್ಲಿ? ಅಂಥದ್ದು ಇಲ್ಲ. ವಿಫಲ.
ಏಳನೇ ಸೆಕೆಂಡು: ಯುಎಸ್‌ಬಿ ವೈರಿನ ತುದಿಯಲ್ಲಿ
ಸೆನ್ಸರ್ ಕಣ್ಣುಬಿಟ್ಟು, ಬಂದೆ ಅಂದದ್ದು ದಾಖಲು.
ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಏಳಲಿಲ್ಲ ಏಳಲಿಲ್ಲ ಎಂದು ಬೆಳಗಿನಿಂದ ನಾನು ಬೈದದ್ದು
ಬೇಗ ಎದ್ದಿತ್ತು. ತೀರಾ ಬೇಗ.
ಕತ್ತಲಲ್ಲಿ ಕೈ ಚಾಚಿ, ಹಿಡಿಯಲು ಏನೂ ಸಿಗದೆ
ಅಲ್ಲೇ ಮುಗ್ಗರಿಸಿತ್ತು.
ಮೂರು ಸೆಕೆಂಡಿಗೆ ಇನ್ನೂರು ಕ್ರೇಟು.

“ತಪ್ಪು ಸಿಕ್ತೇನ್ರಿ?” ಚಹಾದ ಗ್ಲಾಸು ಇಡುತ್ತಾ ಗುರಪಾದ.
“ಬೇಗ ಎದ್ದದ್ದೇ ತಪ್ಪು.”
ಹತ್ತೊಂಬತ್ತು ವರ್ಷ ರಾತ್ರಿಪಾಳಿ ಮಾಡಿದವನು
ಇದನ್ನು ಶೇಟ್‌ಗೆ ಒಮ್ಮೆ ತಿಳಿಸಿ ಹೇಳಿ ಅಂದ.

ಆ ಪುಟ್ಟ ಕಡತದಲ್ಲಿ ಎರಡು ಸಾಲು ಸೇರಿಸಿದೆ.
ಮೊದಲನೆಯದರ ಅರ್ಥ: ಅದು ನನಗೆ ಬೇಕು.
ಎರಡನೆಯದು: ಅದು ಬಂದ ಮೇಲೆ ನಾನು.
ಬೇಕು ಅನ್ನುವುದೊಂದೇ ಸಾಲದು, ಗುರಪಾದ;
ಬೇಕಾದವರು ಬರುವ ತನಕ ನಿಲ್ಲು ಎಂದು
ಬೇರೆಯಾಗಿ ಹೇಳಬೇಕು ಇದಕ್ಕೆ.

“ಬರಲೇ ಇಲ್ಲ ಅಂದ್ರ? ಎಷ್ಟೊತ್ತು ಕಾಯ್ತದ?”
“ತೊಂಬತ್ತು ಸೆಕೆಂಡು. ಆಮೇಲೆ ಆಸೆ ಬಿಡುತ್ತದೆ.”
“ನನ್ನ ಹೆಂಡತಿಗಿಂತ ತಾಳ್ಮಿ ಭಾಳ ಅದ ಬಿಡ್ರಿ.”

ಹೊರಗೆ ಟೆಂಪೋಗೆ ಕಪ್ಪು ಚಿಪ್ಪುಗಳನ್ನು ಎಸೆಯುತ್ತಿದ್ದರು,
ಕಾತ್ರಜಿನ ದನಗಳಿಗೆಂದು.
ಮೇನ್ ಸ್ವಿಚ್ ಇಳಿಸಿದೆ. ಇಡೀ ಗೋದಾಮು ಕಣ್ಣು ಮುಚ್ಚಿತು.
ಏರಿಸಿದೆ.
ಪರದೆಯ ಮೇಲೆ ಅಕ್ಷರ ಉರುಳತೊಡಗಿದ್ದೇ
ಗುರಪಾದ ಗಟ್ಟಿಯಾಗಿ ಎಣಿಸತೊಡಗಿದ:
ಮೂರು,
ನಾಲ್ಕು,
ಐದು, ಆರು,
ಏಳು.

ರೆಕ್ಕೆಯ ಧೂಳೆಲ್ಲ ಹಾರಿ
ನನ್ನ ಚಹಾದಲ್ಲಿ ಬಿತ್ತು.
ಕುಡಿದೆ.