ಇಪ್ಪತ್ತೈದಕ್ಕೆ ಎಷ್ಟು

ಜೂನ್ ಹದಿನಾಲ್ಕು. ಗೂಲ್ ಬಂದರಿನ ಕ್ರೇನುಗಳಿಗೆ
ರಾತ್ರಿ ಹತ್ತಾದರೂ ಇನ್ನೂ ಕತ್ತಲೆ ಹತ್ತಿಲ್ಲ.
ಅಡುಗೆಮನೆಯ ಮೇಜಿನ ಮೇಲೆ ಕಂದು ಚೀಲ,
ಚೀಲದೊಳಗೆ ಮುನ್ನೂರ ಹನ್ನೆರಡು ಉತ್ತರಪತ್ರಿಕೆ,
ಪಕ್ಕದಲ್ಲಿ ಕೆಂಪು ಪೆನ್ನು, ಆರಿದ ಚಹಾ,
ಮಿಸ್ಟರ್ ಹೆಪ್‌ವರ್ತ್ ಕಳಿಸಿದ ಸೂಚನೆ:
ಉದಾರಿಗಳಾಗಬೇಡಿ, ಜಿಪುಣರಾಗಬೇಡಿ.
ನೀವು ನೀವಾಗಲೂಬೇಡಿ ಎಂದು
ಅವರು ಬರೆದಿಲ್ಲ, ನಾನೇ ಓದಿಕೊಂಡೆ.

ಹಳೆಯ ನಾಟಕ. ಡ್ಯೂಕ್ ಒಬ್ಬ,
ಅವನಿಗೊಂದು ಅನುಮಾನ,
ಪರದೆ ಬೀಳುವಾಗ ಎಂಟು ಹೆಣ.
ಅಷ್ಟಕ್ಕೂ ಐದೇ ಅಂಕ ಸಾಕಾಗಿತ್ತು.
ಅದರ ಮೇಲೊಂದು ಪ್ರಬಂಧಕ್ಕೆ ಇಪ್ಪತ್ತೈದು.

ಮೊದಲ ನಲವತ್ತು ಒಂದೇ ಅಚ್ಚಿನ ಇಟ್ಟಿಗೆ.
'ಡ್ಯೂಕನ ಪತನಕ್ಕೆ ಅವನ ಅಹಂಕಾರವೇ ಕಾರಣ.'
ಒಂದೇ ಶಾಲೆ, ಒಬ್ಬರೇ ಮೇಷ್ಟ್ರು, ಗಿಣಿಪಾಠ.
ಪ್ರತಿ ಪ್ಯಾರಾದ ಕೊನೆಗೆ ಒಗ್ಗರಣೆಯಂತೆ ಒಂದು ಉದ್ಧರಣೆ,
ಚಟಪಟ ಸದ್ದು, ಸಾಸಿವೆಯಷ್ಟೂ ಅರ್ಥವಿಲ್ಲ.
ಆದರೂ ಹದಿನೇಳು, ಹದಿನೆಂಟು. ಕೊಡಲೇಬೇಕು.
ಪಟ್ಟಿ ಕೇಳಿದ್ದೆಲ್ಲ ಇದೆಯಲ್ಲ.
ಪಟ್ಟಿಗೆ ಮೂಗಿಲ್ಲ, ಹಳಸಿದ್ದು ತಿಳಿಯುವುದಿಲ್ಲ.

ಒಬ್ಬ ಅಂಚಿನಲ್ಲಿ ಹಡಗು ಬರೆದಿದ್ದಾನೆ, ಹೊಗೆ ಸಮೇತ.
ಇನ್ನೊಬ್ಬಳ ಪ್ರಬಂಧ 'ಆದರೆ' ಎಂಬಲ್ಲಿಗೆ ನಿಂತಿದೆ,
ಗಂಟೆ ಹೊಡೆದಿರಬೇಕು.
ಆ 'ಆದರೆ'ಗೆ ನಾನು ಏನೂ ಕೊಡುವಂತಿಲ್ಲ.

ಆಮೇಲೆ ನಾಲ್ಕು ಸೊನ್ನೆ ಎರಡು ಒಂಬತ್ತು.
ಹೆಸರಿಲ್ಲ. ವಿದರ್ನ್‌ಸೀ ಕಡೆಯ ಶಾಲೆ,
ಕಡಲು ವರ್ಷಕ್ಕೆರಡು ಗಜ ನೆಲ ನುಂಗುವ ಕರಾವಳಿ.
ಗಾಳಿಗೆ ವಾಲಿದ ಬೇಲಿಯಂಥ ಅಕ್ಷರ.
ಪ್ರಶ್ನೆ ಕೇಳಿದ್ದು ಡ್ಯೂಕನ ಬಗ್ಗೆ,
ಉತ್ತರ ಬಂದದ್ದು ದೀಪ ತರುವ ಕೆಲಸದವಳ ಬಗ್ಗೆ:

'ಅವಳು ಆರು ಸಲ ಬರುತ್ತಾಳೆ. ನಾನು ಎಣಿಸಿದೆ.
ಎರಡೇ ಸಲ ಮಾತಾಡುತ್ತಾಳೆ, ಎರಡು ಸಲವೂ ಬಂದೆ ಅಂತ.
ಎಲ್ಲರೂ ಸತ್ತ ಮೇಲೆ ಅವಳೆಲ್ಲಿ ಎಂದು ಬರೆದಿಲ್ಲ.
ನನ್ನ ಅಮ್ಮ ರಾತ್ರಿಪಾಳಿಯಲ್ಲಿ ಆಸ್ಪತ್ರೆ ಒರೆಸುತ್ತಾಳೆ.
ರಕ್ತಕ್ಕೆ ತಣ್ಣೀರೇ ಹಾಕಬೇಕು,
ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.
ಅದಕ್ಕೇ ಐದನೇ ಅಂಕ ಮುಗಿದ ಮೇಲೂ ಒಂದು ಅಂಕ ಇದೆ,
ಅದರಲ್ಲಿ ಅವಳು ಬಕೆಟ್ಟು ತರುತ್ತಾಳೆ.'

ಒಂದೂ ಉದ್ಧರಣೆ ಇಲ್ಲ.
ಅಹಂಕಾರದ ಸುದ್ದಿಯೇ ಇಲ್ಲ.
ಎದ್ದು ಕೆಟಲ್ ಇಟ್ಟೆ. ಅದು ಕುದಿದು, ಸುಮ್ಮನಾಗಿ, ಆರಿತು.
ಮೂವತ್ತೊಂದು ವರ್ಷ ಈ ನಾಟಕ ಪಾಠ ಮಾಡಿದವಳು ನಾನು.
ತರಗತಿಯಲ್ಲಿ ಪಾತ್ರ ಹಂಚುವಾಗ
ಶೀತವಾಗಿ ಮೂಗು ಕಟ್ಟಿದ ಹುಡುಗಿಗೇ
ಆ ಕೆಲಸದವಳನ್ನು ಕೊಡುತ್ತಿದ್ದೆ,
ಮಾತು ಕಡಿಮೆ ಎಂದು.

ಪಟ್ಟಿಯ ಪ್ರಕಾರ ಒಂಬತ್ತು.
ಒಂಬತ್ತು ಬರೆದೆ. ಹೊಡೆದುಹಾಕಿ ಇಪ್ಪತ್ತೊಂದು ಬರೆದೆ.
ಹೆಪ್‌ವರ್ತರ ಹಸಿರು ಪೆನ್ನು ಕಣ್ಣೆದುರು ಬಂತು,
ಅದನ್ನೂ ಹೊಡೆದೆ. ಕೊನೆಗೆ ಹದಿನಾಲ್ಕು.
ಹೇಡಿ ಕೊಡುವ ಅಂಕ ಅದು,
ಅತ್ತ ನಿಯಮವೂ ಇಲ್ಲ, ಇತ್ತ ನ್ಯಾಯವೂ ಇಲ್ಲ.
ಅಂಚಿನಲ್ಲಿ ಏನು ಬರೆದರೂ ಆ ಮಗುವಿಗೆ ಮುಟ್ಟುವುದಿಲ್ಲ,
ಕಾಗದ ಗೋದಾಮಿಗೆ, ಗೋದಾಮಿನಿಂದ ರದ್ದಿಗೆ.
'ಹೌದು' ಎಂದು ಬರೆದೆ. ಸಣ್ಣದಾಗಿ.

ಮಾದರಿಗೆಂದು ಕಳಿಸಿದ ಹತ್ತರಲ್ಲಿ ಅದೂ ಇತ್ತು,
ನಾನೇ ಸೇರಿಸಿದ್ದೆ. ಸೋಮವಾರ ಫೋನು ಬಂತು.
'ಮಿಸೆಸ್ ಟಾಸ್ಕರ್, ಆ ಹದಿನಾಲ್ಕು
ನನ್ನ ಕಣ್ಣಿಗೆ ಹತ್ತು ದಾಟುತ್ತಿಲ್ಲ.'
ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು.
ತಂತಿಯೊಳಗೆ ಗಾಳಿ.
'ತಣ್ಣೀರೇ ಅಂತೀರಾ?' ಕೇಳಿದರು.
'ತಣ್ಣೀರೇ. ಚಿಟಿಕೆ ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು.'
'ಹನ್ನೆರಡು' ಎಂದು ಫೋನಿಟ್ಟರು.

ಮರೆಯಬಾರದೆಂದು ಆ ಅಂಕಿಯನ್ನು
ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿದ್ದೆ,
ಮರೆತೆ.
ಅಕ್ಟೋಬರಿನಲ್ಲಿ ಸೆಲ್ವಿನ್, ನನ್ನ ಗಂಡ,
ಅದು ಮೀಟರಿನದೆಂದು ತಿಳಿದು
ಗ್ಯಾಸ್ ಕಚೇರಿಗೆ ಬರೆದು ಕಳಿಸಿದ.
ವಾರದಲ್ಲಿ ಅಚ್ಚಾದ ಕಾಗದ ಬಂತು:
ಈ ಅಂಕಿ ತೀರ ಕಡಿಮೆಯಾಯಿತು,
ದಯವಿಟ್ಟು ಇನ್ನೊಮ್ಮೆ ನೋಡಿ.