ಒಂಟಿ ಜೋಡಿ

ಮಾದರಿಯ ಪೆಟ್ಟಿಗೆ ಈ ವರ್ಷವೂ ಬರಲಿಲ್ಲ.
ಜನವಾಡದ ಜಗದೇವಿ ಜೋಳದ ದಂಟು ತಂದಳು,
ಒಳಗಿನದು ಬೆಂಡು, ಸುಲಿದ ಸಿಪ್ಪೆಯೇ ಕಡ್ಡಿ.
ಇದರಲ್ಲೇ ಬಂಡಿ ಕಟ್ಟಿದವಳು ನಾನು, ಕನ್ನಡಕವನ್ನೂ.
ಇವತ್ತು ಮೀಥೇನ್.

"ನಾಕು ಕಡ್ಡಿ ಚುಚ್ರಿ. ಒಂದರಿಂದ ಒಂದು
ಎಷ್ಟು ದೂರ ಆಗ್ತದೋ ಅಷ್ಟು ದೂರ."
ಎಲ್ಲರೂ ಚುಚ್ಚಿದ್ದು ಕೂಡಿಸುವ ಗುರುತು;
ಹಾಳೆಯ ಮೇಲೆ ಬರೆದು ಬರೆದು ಚಪ್ಪಟೆಯಾದ ಕೈ.
ಒಬ್ಬಳು ಮಾತ್ರ ಬೆಂಡು ತಿರುಗಿಸಿ ತಿರುಗಿಸಿ ನೋಡಿ
ಒಂದನ್ನು ಸೂರಿಗೆ, ಮೂರನ್ನು ನೆಲಕ್ಕೆ ಚಾಚಿ
ಮೇಜಿನ ಮೇಲೆ ಬಿಟ್ಟಳು. ನಿಂತಿತು.
ತಸ್ಕೀನ್. ಬಿದರಿ ಕೆಲಸದವರ ಮಗಳು.
"ಮೂರು ಕಾಲಿಂದು ಅಲ್ಲಾಡಂಗಿಲ್ರಿ ಮೇಡಂ."

ದ್ವೇಷವಲ್ಲ ಅದು, ಎಂದೆ.
ಋಣ ಋಣವನ್ನು ತಳ್ಳುತ್ತದೆ, ಅಷ್ಟೆ.
ತಳ್ಳಿ ತಳ್ಳಿಯೇ ಒಂದು ಆಕಾರ.

ಅಮೋನಿಯಾಕ್ಕೆ ಹಿಡಿಯಲು ಮೂರೇ ಕೈ.
ನಾಲ್ಕನೆಯ ಕಡೆ ಯಾರನ್ನೂ ಹಿಡಿಯದ
ಒಂಟಿ ಜೋಡಿ.
"ಒಂಟಿ ಅಂದಮ್ಯಾಲ ಜೋಡಿ ಹ್ಯಾಂಗ್ರಿ?"
ತರಗತಿ ನಕ್ಕಿತು. ನಾನೂ.
ಪಠ್ಯದಲ್ಲಿ ಉತ್ತರವಿರಲಿಲ್ಲ, ಹುಮನಾಬಾದ ಬಸ್ಸಿನಲ್ಲಿತ್ತು:
ಹೊಸದಾಗಿ ಮದುವೆಯಾದ ಇಬ್ಬರು
ಬೇರೆ ಯಾರಿಗೂ ಸೇರದೆ ಅಗಲವಾಗಿ ಕೂತಿರುತ್ತಾರೆ,
ಉಳಿದವರು ಚೀಲ ಮಡಿಲಿಗೆಳೆದು ಸರಿಯುತ್ತಾರೆ
ನೂರಾ ಒಂಬತ್ತೂವರೆಯಿಂದ ನೂರಾ ಏಳಕ್ಕೆ.

ನೀರಿಗೆ ಅಂಥ ಜೋಡಿ ಎರಡು. ಇನ್ನೂ ಇಕ್ಕಟ್ಟು.
ಇಂಗಾಲದ ಡೈಆಕ್ಸೈಡಿನಲ್ಲಿ ಎರಡು ಕಡೆ ಸಮ ಎಳೆತ,
ಹಗ್ಗದ ಗಂಟು ಕದಲುವುದಿಲ್ಲ.
ನೀರು ಬಾಗಿದೆ. ಬಾಗಿದ್ದಕ್ಕೇ
ಅದಕ್ಕೊಂದು ಈ ಕಡೆ, ಒಂದು ಆ ಕಡೆ;
ಬಾಗಿದ್ದಕ್ಕೇ ಉಪ್ಪು ಅದರಲ್ಲಿ ಕರಗುತ್ತದೆ.
ಗಂಟೆ ಹೊಡೆಯಿತು. ಬೆಂಡುಗಳನ್ನು ಆಡು ತಿಂದಿತು.

ಭಾನುವಾರ ತಸ್ಕೀನ್ ಅಪ್ಪನ ಒಲೆಯ ಮುಂದೆ ನಾನು.
ಮಕ್ಬೂಲ್ ಸಾಬರು ಕೋಟೆಯ ಮಣ್ಣನ್ನು
ನಾಲಿಗೆಯ ತುದಿಗಿಟ್ಟು, ತಲೆಯಾಡಿಸಿ
ನವಸಾಗರದೊಂದಿಗೆ ಕುದಿಯಲಿಟ್ಟರು.
ಉಪ್ಪಿನೊಳಗೆ ನಾಲ್ಕೂ ಕೈ ತುಂಬಿ ಸುಮ್ಮನಿದ್ದದ್ದು
ಕಾವಿಗೆ ಒಂದು ಕೈ ಬಿಡಿಸಿಕೊಂಡು
ಮತ್ತೆ ಒಂಟಿ ಜೋಡಿಯಾಗಿ ಎದ್ದು
ನೆಟ್ಟಗೆ ನನ್ನ ಮೂಗಿಗೆ ಬಂತು,
ಕಣ್ಣಿನಲ್ಲಿ ತನ್ನಂಥದೇ ಓರೆಯೊಂದನ್ನು
ಹುಡುಕಿ ಕರಗಿತು.
ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು
ಗಲ್ಲದ ಮೇಲೆ ಇಳಿಯಿತು.

"ಉಜ್ಜಬ್ಯಾಡ್ರಿ, ಇನ್ನೂ ಉರೀತದ," ಅಂದಳು ಹುಡುಗಿ
ಹೂಜಿಯನ್ನು ಇಕ್ಕಳದಲ್ಲಿ ಎತ್ತುತ್ತ.
ಸತುವೆಲ್ಲ ಕಪ್ಪು. ಬೆಳ್ಳಿಯ ಬಳ್ಳಿ ಹಾಗೇ ಬೆಳ್ಳಗೆ.
ಅವಳು ಅದನ್ನಿಟ್ಟದ್ದು ಮೂರು ಕಾಲಿನ ಸ್ಟೂಲಿನ ಮೇಲೆ.
ನೆಲ ಏರುತಗ್ಗು.
ಅಲ್ಲಾಡಲಿಲ್ಲ.